ಹಾಡು ಕಟ್ಟುವ ಕೋಣೆಯೊಳಗೆ

ನಮ್ಮ ಹಳ್ಳಿಗಳಲ್ಲಿ ಪದ ಹೇಳುವವರು 'ಇದನ್ನು ಯಾರು ಬರೆದದ್ದು' ಎನ್ನುವುದಿಲ್ಲ, 'ಯಾರು ಕಟ್ಟಿದ್ದು' ಎನ್ನುತ್ತಾರೆ. ಮನೆ ಕಟ್ಟುವ ಹಾಗೆ ಹಾಡನ್ನೂ ಕಟ್ಟುತ್ತಾರೆ. ಸ್ಟುಡಿಯೋದ ಕೆಲಸಕ್ಕೂ ಈ ಮಾತೇ ಸರಿ. ಆದರೆ ನಾಲ್ಕು ನಿಮಿಷದಲ್ಲಿ ಕೇಳಿ ಮುಗಿಸುವ ನಮಗೆ ಹಾಡು ಒಂದೇ ಉಸಿರಿಗೆ ಹುಟ್ಟಿಬಿಟ್ಟಂತೆ ತೋರುತ್ತದೆ. ಹಾಗೆ ತೋರುವುದರಿಂದಲೇ ಬೆಳೆದ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ 1: ಸಾಹಿತ್ಯ ಮೊದಲು, ಸಂಗೀತ ಆಮೇಲೆ.

ವಾಸ್ತವ: ಭಾವಗೀತೆಯ ಮಟ್ಟಿಗೆ ನಿಜ. 1978ರ 'ನಿತ್ಯೋತ್ಸವ' ಕ್ಯಾಸೆಟ್‌ಗೆ ಮೈಸೂರು ಅನಂತಸ್ವಾಮಿ ರಾಗ ಹಾಕುವ ಮುಂಚೆಯೇ ನಿಸಾರ್ ಅಹಮದ್ ಅವರ ಕವಿತೆಗಳಿದ್ದವು. ಸಿನಿಮಾದಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಅಥವಾ ಕೀಬೋರ್ಡ್ ಮುಂದೆ ಕೂತು ಮಟ್ಟು ಹಾಕುತ್ತಾರೆ. 'ಲಾಲಲ' ಎಂದೋ, ಬಾಯಿಗೆ ಬಂದ ಡಮ್ಮಿ ಸಾಲು ಸೇರಿಸಿಯೋ ಹಾಡಿ ಕಳಿಸುತ್ತಾರೆ. ಗೀತರಚನೆಕಾರರು ಅದರ ಅಳತೆಗೆ ಪದ ಕೂರಿಸಬೇಕು.

ಕನ್ನಡದಲ್ಲಿ ಇದು ತಂತಿಯ ಮೇಲಿನ ನಡಿಗೆ. ಹ್ರಸ್ವ ದೀರ್ಘವಾದರೆ ನಮ್ಮಲ್ಲಿ ಅರ್ಥವೇ ಬೇರೆ. ಮಟ್ಟು ಎಳೆಯುವ ಜಾಗದಲ್ಲಿ 'ಬಳೆ' ಇಟ್ಟರೆ ಕಿವಿಗೆ ಬೀಳುವುದು 'ಬಾಳೆ'. 'ಮಲೆ' ಇಟ್ಟರೆ 'ಮಾಲೆ'. ಹಾಗಾಗಿ ಎಳೆತ ಬಂದಲ್ಲೆಲ್ಲ ದೀರ್ಘಾಕ್ಷರದ ಪದವನ್ನೇ ಹುಡುಕಬೇಕು. ಅದು ಪ್ರಾಸಕ್ಕೂ ಒದಗಬೇಕು, ಕಥೆಯ ಸಂದರ್ಭಕ್ಕೂ ಹೊಂದಬೇಕು. ಎಷ್ಟು ಹುಡುಕಿದರೂ ಪದ ಸಿಗದಿದ್ದರೆ ಮಟ್ಟೇ ಒಂದು ಸ್ವರ ಬಗ್ಗುವುದೂ ಉಂಟು.

ತಪ್ಪು ಕಲ್ಪನೆ 2: ಹಾಡಿನ ಉದ್ದ ಕಲಾವಿದರ ಮನಸ್ಸಿಗೆ ಬಿಟ್ಟದ್ದು.

ವಾಸ್ತವ: 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗಾಗಿ ಹಾಡಿದರು. ಆ ಕಾಲದ ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಅಷ್ಟರಲ್ಲೇ ಮುಗಿಸಿ, ಕೊನೆಗೆ ತಮ್ಮ ಹೆಸರನ್ನೂ ಹೇಳಬೇಕಿತ್ತು. ಅವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ತೀರಿಕೊಂಡರು. ಆ ತಟ್ಟೆಗಳೂ ಮೂಲೆ ಸೇರಿದವು. ಹಾಡೆಂದರೆ ಮೂರ್ನಾಲ್ಕು ನಿಮಿಷ ಎಂಬ ಅಳತೆ ಮಾತ್ರ ಇನ್ನೂ ನಮ್ಮ ಕಿವಿಯಲ್ಲಿದೆ.

ತಪ್ಪು ಕಲ್ಪನೆ 3: ಗಾಯಕರು, ವಾದ್ಯದವರು ಎಲ್ಲರೂ ಸೇರಿ ಒಟ್ಟಿಗೆ ರೆಕಾರ್ಡ್ ಮಾಡುತ್ತಾರೆ.

ವಾಸ್ತವ: ಕನ್ನಡ ಹಾಡಿಗಾಗಿ ಮದ್ರಾಸಿನ ರೈಲು ಹತ್ತುತ್ತಿದ್ದ ಕಾಲದಲ್ಲಿ ಹಾಗಿತ್ತು. ಪಿಟೀಲಿನ ಸಾಲು, ತಬಲಾ, ಕೊಳಲು, ಗಾಯಕರು ಎಲ್ಲರೂ ಒಂದೇ ಹೊತ್ತಿಗೆ ಸಿದ್ಧರಿರಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಪಲ್ಲವಿಯಿಂದ. 1980ರ ದಶಕದಲ್ಲಿ ನಾಗ್ ಸಹೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ತೆರೆದ ಮೇಲೆ ಮದ್ರಾಸಿನ ಓಡಾಟ ಕಡಿಮೆಯಾಗುತ್ತ ಬಂತು. ಈಗ ಒಂದೊಂದು ವಾದ್ಯಕ್ಕೂ ಬೇರೆ ಟ್ರ್ಯಾಕ್. ಲಯ ತಪ್ಪದಂತೆ ಹೆಡ್‌ಫೋನಿನಲ್ಲಿ 'ಟಿಕ್ ಟಿಕ್' ಎಂಬ ಕ್ಲಿಕ್ ಓಡುತ್ತಿರುತ್ತದೆ. ಮುಖ್ಯ ಗಾಯಕರು ಬರುವ ಮುಂಚೆ ಟ್ರ್ಯಾಕ್ ಸಿಂಗರ್ ಒಬ್ಬರು ಹಾಡಿಟ್ಟಿರುತ್ತಾರೆ. ಯುಗಳಗೀತೆಯಲ್ಲಿ ಪಿಸುಗುಟ್ಟುವ ಇಬ್ಬರು ಒಬ್ಬರ ಮುಖವನ್ನೊಬ್ಬರು ನೋಡದೆಯೂ ಇರಬಹುದು.

ತಪ್ಪು ಕಲ್ಪನೆ 4: ದೊಡ್ಡ ಗಾಯಕರದು ಒಂದೇ ಟೇಕ್.

ವಾಸ್ತವ: 1981ರ ಫೆಬ್ರವರಿ 8ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಉಪೇಂದ್ರ ಕುಮಾರ್ ಸಂಗೀತದಲ್ಲಿ 21 ಕನ್ನಡ ಹಾಡು ಹಾಡಿದ್ದು ಹೆಸರಾದ ದಾಖಲೆ. ಆದರೆ ಅದು ವಿಶೇಷವಾದ್ದರಿಂದಲೇ ದಾಖಲೆಯಾಯಿತು. ದಿನನಿತ್ಯದ ಕೆಲಸ ನಡೆಯುವುದು ಪಂಚಿಂಗ್‌ನಲ್ಲಿ: ತಪ್ಪಿದ ಸಾಲಿನ ಸ್ವಲ್ಪ ಹಿಂದಿನಿಂದ ಟ್ರ್ಯಾಕ್ ಓಡಿಸಿ, ಅಷ್ಟನ್ನೇ ಮತ್ತೆ ಹಾಡಿಸಿ ಸೇರಿಸುತ್ತಾರೆ. ಚೆಂದದ ಪಲ್ಲವಿ ಮೂರನೇ ಟೇಕಿನದು, ಚರಣ ಐದನೆಯದು ಆಗಿರಬಹುದು. ಇದರಲ್ಲಿ ನಾಚಿಕೆಯೇನಿಲ್ಲ, ಕವಿಯೂ ಸಾಲು ಹೊಡೆದು ತಿದ್ದಿಯೇ ಬರೆಯುತ್ತಾನೆ.

ತಪ್ಪು ಕಲ್ಪನೆ 5: ಆಟೋಟ್ಯೂನ್ ಇದ್ದರೆ ಯಾರು ಬೇಕಾದರೂ ಹಾಡಬಹುದು.

ವಾಸ್ತವ: 1997ರಲ್ಲಿ ಬಂದ ಈ ತಂತ್ರಾಂಶವನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್, ಅದಕ್ಕೂ ಮುಂಚೆ ನೆಲದಡಿಯ ತೈಲ ಹುಡುಕಲು ಭೂಕಂಪನದ ಅಲೆಗಳನ್ನು ವಿಶ್ಲೇಷಿಸುತ್ತಿದ್ದವರು. ಆಟೋಟ್ಯೂನ್ ಶ್ರುತಿ ತಪ್ಪಿದ ಸ್ವರವನ್ನು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ಕೂರಿಸುತ್ತದೆ. ಭಾವ, ಉಚ್ಚಾರಣೆ, ಉಸಿರು ಎಲ್ಲಿ ಬಿಡಬೇಕೆಂಬ ತಿಳಿವಳಿಕೆ ಅದಕ್ಕಿಲ್ಲ. ನಮ್ಮ ಸಂಗೀತದಲ್ಲಿ ಇನ್ನೊಂದು ತೊಡಕು. ಗಮಕದಲ್ಲಿ ಸ್ವರ ಅಲುಗಾಡುವುದೇ ಸೊಗಸು. ಬಿಗಿಯಾಗಿ ಹೊಂದಿಸಿದರೆ ಯಂತ್ರ ಆ ಅಲುಗಾಟವನ್ನೂ ತಪ್ಪೆಂದು ತಿಳಿದು ಇಸ್ತ್ರಿ ಹೊಡೆದುಬಿಡುತ್ತದೆ.

ತಪ್ಪು ಕಲ್ಪನೆ 6: ದುಬಾರಿ ಮೈಕ್ ಇದ್ದರೆ ಸಾಕು.

ವಾಸ್ತವ: ಮೈಕು ದನಿಯ ಜೊತೆ ಕೋಣೆಯನ್ನೂ ಕೇಳುತ್ತದೆ. ಬರಿಗೋಡೆಗೆ ಬಡಿದು ಮರಳುವ ದನಿ, ಫ್ಯಾನಿನ ಗುಂಯ್, ಬೀದಿಯ ಹಾರ್ನ್ ಎಲ್ಲವೂ ಒಳಗೆ ಬರುತ್ತವೆ. ಕಂಬಳಿ, ದಪ್ಪ ಪರದೆ, ಬಟ್ಟೆ ತುಂಬಿದ ಬೀರು ಆ ಮಾರ್ದನಿಯನ್ನು ತಗ್ಗಿಸುತ್ತವೆ. 'ಫ', 'ಭ'ದಂಥ ಅಕ್ಷರಗಳ ಗಾಳಿ ಮೈಕಿಗೆ ಬಡಿದು 'ಧಪ್' ಎನ್ನದಂತೆ ಮುಂದೊಂದು ತೆಳು ಜಾಲರಿ ಬೇಕು. ಗಾಯಕಿ ಬಿಲ್ಲಿ ಐಲಿಶ್ ಅವರ 2019ರ ಆಲ್ಬಂ ಬಹುಪಾಲು ಸಿದ್ಧವಾದದ್ದು ಲಾಸ್ ಏಂಜಲೀಸ್‌ನ ಮನೆಯಲ್ಲಿ, ಅಣ್ಣ ಫಿನಿಯಸ್ ಅವರ ಮಲಗುವ ಕೋಣೆಯಲ್ಲಿ. 2020ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಪ್ರಶಸ್ತಿ ಅದಕ್ಕೇ ಸಂದಿತು.

ತಪ್ಪು ಕಲ್ಪನೆ 7: ಹಾಡಿ ಮುಗಿದರೆ ಹಾಡು ಮುಗಿಯಿತು.

ವಾಸ್ತವ: ಆಮೇಲಿನದು ಮಿಕ್ಸಿಂಗ್. ಹತ್ತಾರು ಟ್ರ್ಯಾಕ್‌ಗಳಿಗೆ ಜಾಗ ಹಂಚಬೇಕು. ಗಿಟಾರ್ ಗಾಯಕಿಯ ದನಿಯನ್ನು ಮುಚ್ಚಬಾರದು, ಮೃದಂಗದ ತೊಪ್ಪಿಯ ಗುಂಕಾರ ಬಾಸ್‌ನಲ್ಲಿ ಕರಗಿಹೋಗಬಾರದು. ಕೊನೆಗೆ ಮಾಸ್ಟರಿಂಗ್: ಒಟ್ಟು ಸದ್ದಿನ ಮಟ್ಟ, ಹದ ಸರಿಪಡಿಸುವ ಕೆಲಸ. ಸ್ಟುಡಿಯೋದ ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿಸಿದರೆ ಸಾಲದು. ಕಾರಿನಲ್ಲಿ, ಅಗ್ಗದ ಮೊಬೈಲಿನಲ್ಲಿ ಹಾಕಿ ಕೇಳಿ, ಮತ್ತೆ ಬಂದು ತಿದ್ದುತ್ತಾರೆ.

ಮನೆ ಕಟ್ಟುವಾಗ ಸುತ್ತ ಸಾರ್ವೆ ಕಟ್ಟುತ್ತಾರೆ, ಗೃಹಪ್ರವೇಶದ ಹೊತ್ತಿಗೆ ಬಿಚ್ಚುತ್ತಾರೆ. ಡಮ್ಮಿ ಸಾಲು, ಕ್ಲಿಕ್, ಟ್ರ್ಯಾಕ್ ಸಿಂಗರ್‌ನ ದನಿ ಹಾಡಿನ ಸಾರ್ವೆ. ನಮ್ಮ ಕಿವಿಗೆ ಬರುವ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ. ಅಷ್ಟು ಚೊಕ್ಕಟವಾಗಿ ಬಿಚ್ಚಿರುವುದರಿಂದಲೇ ಹಾಡು ತಾನಾಗಿ ಹುಟ್ಟಿತೆಂದು ನಾವು ನಂಬಿಬಿಡುತ್ತೇವೆ.