ಬುಕ್ಕನ ಮನೆತನದ ಮೂಲ

ಬುಕ್ಕಾಂಬುಧಿಯ ಕೆರೆಯ ಏರಿಯ ಮೇಲೆ ನಿಂತವನಿಗೆ ಈ ಬುಕ್ಕನು ಯಾರೆಂಬ ಪ್ರಶ್ನೆ ಏಳುವುದು ಸಹಜ. ಅಂಬುಧಿಯೆಂದರೆ ಕಡಲು. ಹಿರಿಯ ಕೆರೆಗಳನ್ನು ಸಾಗರ, ಸಮುದ್ರ ಎಂದು ಕರೆಯುವುದು ನಮ್ಮ ನಾಡಿನ ಹಳೆಯ ರೂಢಿ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯನ್ನೂ 1369ರ ಶಾಸನವು ಅನಂತರಾಜಸಾಗರವೆಂದೇ ಹೆಸರಿಸುತ್ತದೆ. ಹೆಸರಿನ ಹೋಲಿಕೆಯೊಂದನ್ನೇ ಹಿಡಿದು ನಮ್ಮ ಊರನ್ನು ಆ ಅರಸನಿಗೆ ಗಂಟುಹಾಕುವುದು ಸಾಧುವಲ್ಲ. ಆದರೆ ಆ ನೆವದಿಂದ ಇನ್ನೊಂದು ಪ್ರಶ್ನೆಯನ್ನು ವಿಚಾರಿಸಬಹುದು: ಬುಕ್ಕರಾಯನ ಮನೆತನವಾದರೂ ಎಲ್ಲಿಯದು?

ಹರಿಹರ, ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪ ಎಂಬ ಐವರೂ ಸಂಗಮನ ಮಕ್ಕಳೆಂಬುದರಲ್ಲಿ ಸಂಶಯವಿಲ್ಲ. ಸಂಗಮನಿಂದ ಹಿಂದಕ್ಕೆ ಹೆಜ್ಜೆಯಿಟ್ಟೊಡನೆ ನೆಲ ಜಾರುತ್ತದೆ. 1356ರ ಬಿಟ್ರಗುಂಟದ ದಾನಶಾಸನವು ಈ ಕುಲವನ್ನು ಯದುವಂಶಕ್ಕೆ ಸೇರಿಸುತ್ತದೆ. ಹೊಯ್ಸಳರೂ ಸೇವುಣರೂ ಇದೇ ವಂಶವನ್ನು ಹೇಳಿಕೊಂಡವರು. ಪಟ್ಟವೇರಿದವರಿಗೆ ಅದು ಕಿರೀಟದೊಡನೆ ತೊಡುವ ಒಡವೆಯಾಗಿತ್ತೆನ್ನಬೇಕು.

ಈ ಸೋದರರು ಓರುಗಲ್ಲಿನ ಪ್ರತಾಪರುದ್ರನ ಸೇವೆಯಲ್ಲಿದ್ದು, 1323ರಲ್ಲಿ ಆ ರಾಜ್ಯವಳಿದ ಬಳಿಕ ಕಂಪಿಲಿಗೆ ಬಂದರು. 1327ರಲ್ಲಿ ಕಂಪಿಲಿಯೂ ಬೀಳಲು ದೆಹಲಿಗೆ ಸೆರೆಹೋಗಿ ಮರಳಿದರು ಎಂಬುದು ಒಂದು ಪಕ್ಷ. ಎನ್. ವೆಂಕಟರಮಣಯ್ಯನವರು ಇದನ್ನು ಎತ್ತಿಹಿಡಿದರು. ಇವರು ಹೊಯ್ಸಳ ಮೂರನೆಯ ಬಲ್ಲಾಳನ ಕೈಕೆಳಗೆ ಬೆಳೆದ ಕನ್ನಡಿಗರೆಂಬುದು ಹೆರಾಸ್ ಪಾದ್ರಿಗಳು, ಬಿ. ಎ. ಸಾಲೆತೊರೆ ಮೊದಲಾದವರ ಪಕ್ಷ. ವಾದದ ಕಾವಿಗೆ ಭಾಷಾಭಿಮಾನವೂ ಇಂಧನವಾಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಇಸಾಮಿ, ಬರನಿ ಎಂಬ ಸಮಕಾಲೀನ ಪಾರಸಿ ಲೇಖಕರಲ್ಲಿ ದಂಗೆಯ ಸುದ್ದಿಯುಂಟು. ಆದರೆ ಅದನ್ನು ಈ ಸೋದರರಿಗೇ ಹೊಂದಿಸುವುದು ವ್ಯಾಖ್ಯಾನದ ಕೆಲಸ. ಸ್ಥಾಪನೆಯ ಕಥೆಗೆ ಆಧಾರವಾಗಿದ್ದ, 1336ನೆಯ ಇಸವಿ ಹೊತ್ತ ಬಾಗೇಪಲ್ಲಿ, ಕಪಲೂರು ತಾಮ್ರಪಟಗಳು ಕೂಟವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ.

ಈ ಚಪಲ ನಮ್ಮವರಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ನೆಲೆಸಿದ ಆಂಗ್ಲ ವಲಸೆಗಾರರ ಸಂತತಿಯವರಲ್ಲಿ ಎಷ್ಟೋ ಮಂದಿ, ಹಡಗಿನಿಂದಿಳಿದ ಮೊದಲ ಹಿರಿಯನವರೆಗೆ ದಾಖಲೆ ತೋರಿಸಬಲ್ಲರು; ಕಡಲಾಚೆ ಅವನು ಯಾವ ಊರಿನವನೆಂಬುದು ತೊಡಕಿನ ವಿಷಯ. ಅಂತಹ ಸಿರಿವಂತರಿಗೆ ಗುಸ್ಟಾವ್ ಆಂಜೂ (1863–1942) ಎಂಬಾತ ಹಣ ಪಡೆದು ಕುಲೀನ ಪೂರ್ವಜರನ್ನು ಸೃಷ್ಟಿಸಿಕೊಟ್ಟನು! ಇಂದಿನ ಸಂಶೋಧಕರು ಅವನ ವಂಶಾವಳಿಗಳಲ್ಲಿ ಒಂದೊಂದು ಕೊಂಡಿಯನ್ನೂ ಮೂಲ ದಾಖಲೆಯೊಡನೆ ಒರೆಹಚ್ಚಿ ನೋಡಬೇಕಾಗಿದೆ.

ಸಂಗಮರ ವಿಷಯದಲ್ಲಿ ಅಂತಹ ಒರೆಗಲ್ಲು ನಮ್ಮ ಜಿಲ್ಲೆಯಲ್ಲಿಯೇ ಉಂಟು. ಐವರು ಸೋದರರೂ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ಭೂದಾನ ಮಾಡಿದುದನ್ನು 1346ರ ಶಾಸನ ಹೇಳುತ್ತದೆ. ಬಲ್ಲಾಳನು ಮಡಿದ ಕೆಲವೇ ವರ್ಷಗಳಲ್ಲಿ, ಹೊಯ್ಸಳರ ಹಳೆಯ ಸೀಮೆಯಲ್ಲಿ, ಈ ಮನೆತನ ಒಗ್ಗಟ್ಟಿನಿಂದ ನಿಂತಿತ್ತೆಂಬುದಕ್ಕೆ ಇದು ಸಾಕ್ಷಿ. ನನಗೆ ಎರಡನೆಯ ಪಕ್ಷವೇ ಹೆಚ್ಚು ಸಮಂಜಸವಾಗಿ ತೋರುವುದೂ ಇದರಿಂದಲೇ. ಆದರೂ ಹುಟ್ಟೂರನ್ನು ಈ ಶಾಸನ ಹೇಳುವುದಿಲ್ಲ. ಆಸಕ್ತ ವಿದ್ಯಾರ್ಥಿಗಳು ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವನ್ನು ತೆರೆಯಬಹುದು. ಅದು ಹಿಂದಿನ ಕಡೂರು ಜಿಲ್ಲೆಗೆ ಮೀಸಲಾದುದು; ತರೀಕೆರೆ ಸೀಮೆಯ ಶಾಸನಗಳೂ ಅದರಲ್ಲಿಯೇ ಇವೆ.