ಟೈಲ್ಸ್ ಹಿಂದಿರುವ ಶವರ್ ವಾಲ್ವ್

ಬಾತ್‌ರೂಮ್ ಹೊಸದು ಮಾಡಿಸಲು ಹೊರಟವರು ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಹೊಳೆಯುವ ಹಿಡಿಕೆ, ಕ್ರೋಮ್ ತಟ್ಟೆಗಳ ಮುಂದೆ. ಅದು ಟ್ರಿಮ್. ಬೇಸರವಾದರೆ ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ಗೋಡೆಯೊಳಗೆ ಕೂರುವ ಹಿತ್ತಾಳೆಯ ವಾಲ್ವನ್ನು, ಅಂದರೆ ಪ್ಲಂಬರ್‌ಗಳ ಮಾತಿನಲ್ಲಿ ಕನ್ಸೀಲ್ಡ್ ಬಾಡಿಯನ್ನು, ಬದಲಿಸಬೇಕೆಂದರೆ ಟೈಲ್ಸ್ ಒಡೆಯಬೇಕು. ಹಾಗಾಗಿ ಮೊದಲು ವಿಚಾರಿಸಬೇಕಾದದ್ದು ಬಾಡಿಯ ಬಗ್ಗೆ.

ಒಂದೇ ಹಿಡಿಕೆಯ ವಾಲ್ವಿನೊಳಗೆ ಕಾರ್ಟ್ರಿಜ್ ಇರುತ್ತದೆ. ಅದರಲ್ಲಿ ಕನ್ನಡಿಯಷ್ಟು ನುಣುಪಾದ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ತೂತುಗಳು ಎಷ್ಟು ಕೂಡಿಬರುತ್ತವೋ ಅಷ್ಟು ನೀರು. ಬೋರ್‌ವೆಲ್ ನೀರಿನ ಮರಳು, ಸುಣ್ಣ ಈ ಬಿಲ್ಲೆಗಳಿಗೆ ಶತ್ರು. ಕಾರ್ಟ್ರಿಜ್ ಸವೆದರೆ ಗೋಡೆ ಮುಟ್ಟದೆ ಮುಂದಿನಿಂದಲೇ ಬದಲಿಸಬಹುದು.

ಇಂಥ ಸಾದಾ ವಾಲ್ವಿಗೆ ಉಷ್ಣತೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಯಾರೋ ಫ್ಲಶ್ ಒತ್ತಿದರೆ ತಣ್ಣೀರಿನ ಒತ್ತಡ ಕುಸಿದು, ಮೈಮೇಲೆ ಬೀಳುವ ನೀರು ಒಮ್ಮೆಲೇ ಸುಡುತ್ತದೆ. 60 ಡಿಗ್ರಿ ಸೆಲ್ಸಿಯಸ್‌ನ ನೀರು ಸುಮಾರು 5 ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು, ಮಕ್ಕಳಿಗೆ ಇನ್ನೂ ಬೇಗ. ನಮ್ಮ ಸೋಲಾರ್ ಟ್ಯಾಂಕಿನ ನೀರು ಬಿಸಿಲುಗಾಲದಲ್ಲಿ ಆ ಮಟ್ಟ ಮುಟ್ಟುವುದು ಅಪರೂಪವಲ್ಲ. ಮಕ್ಕಳು, ವಯಸ್ಸಾದವರು ಇರುವ ಮನೆಗೆ ಥರ್ಮೋಸ್ಟಾಟಿಕ್ ವಾಲ್ವ್ ಹಾಕಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರೊಳಗಿನ ಪುಟ್ಟ ಕೋಶದಲ್ಲಿ ಮೇಣವಿರುತ್ತದೆ. ನೀರು ಬಿಸಿಯಾದಂತೆ ಮೇಣ ಹಿಗ್ಗಿ ಪಿಸ್ಟನ್ ತಳ್ಳುತ್ತದೆ, ಬಿಸಿನೀರಿನ ದಾರಿ ಕಿರಿದಾಗುತ್ತದೆ. ಕರೆಂಟು ಬೇಡ. ಸಾಮಾನ್ಯವಾಗಿ 38 ಡಿಗ್ರಿಯಲ್ಲಿ ಸುರಕ್ಷತಾ ಗುಂಡಿ ಹಿಡಿಕೆಯನ್ನು ತಡೆಯುತ್ತದೆ.

ಆದರೆ ಒತ್ತಡ ನೋಡಿಕೊಳ್ಳಬೇಕು. ತಾರಸಿಯ ಟ್ಯಾಂಕಿನ ನೀರು ಶವರ್‌ಗಿಂತ 3 ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಸುಮಾರು 0.3 ಬಾರ್, ಅನೇಕ ಥರ್ಮೋಸ್ಟಾಟಿಕ್ ವಾಲ್ವ್‌ಗಳಿಗೆ ಕನಿಷ್ಠ 0.5 ಬಾರ್ ಬೇಕು. ಕೊರತೆಗೆ ಪಂಪ್ ಹಾಕುವುದಾದರೆ ಎರಡೂ ಲೈನಿಗೆ ಹಾಕಿಸಿ. ತಣ್ಣೀರಿಗೆ ಮಾತ್ರ ಹಾಕಿದರೆ ಅದು ಬಿಸಿನೀರಿನ ಪೈಪಿನೊಳಗೇ ನುಗ್ಗೀತು.

ಬಾಡಿ ಕೂರಿಸುವ ದಿನ ಪ್ಲಂಬರ್ ಜೊತೆ ನಿಂತು ನೋಡಿ. ಅದರ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕನಿಷ್ಠ, ಗರಿಷ್ಠ ಆಳದ ಗುರುತುಗಳಿರುತ್ತವೆ. ಪ್ಲಾಸ್ಟರ್, ಅಂಟು, ಟೈಲ್ಸ್ ಎಲ್ಲ ಸೇರಿದ ಮೇಲಿನ ಗೋಡೆಯ ಮುಖ ಇವೆರಡರ ನಡುವೆ ಬರಬೇಕು. ಬಾಡಿ ತೀರಾ ಒಳಹೋದರೆ ಎಕ್ಸ್‌ಟೆನ್ಶನ್ ಹಾಕಬಹುದು. ಹೊರಚಾಚಿದರೆ ತಟ್ಟೆ ಗೋಡೆಗೆ ಕೂರದು. ಟೈಲ್ಸ್ ಅಂಟಿಸುವ ಮೊದಲೇ ಪ್ರೆಶರ್ ಟೆಸ್ಟ್ ಮಾಡಿಸಿ, ಬಾಡಿಯ ಮಾಡೆಲ್ ಸಂಖ್ಯೆಯ ಫೋಟೊ ತೆಗೆದಿಡಿ. ಒಂದು ಕಂಪನಿಯ ಟ್ರಿಮ್ ಸಾಮಾನ್ಯವಾಗಿ ಇನ್ನೊಂದರ ಬಾಡಿಗೆ ಹೊಂದುವುದಿಲ್ಲ.