ಗಿಟಾರ್ ತಂತಿಯನ್ನು ಗಟ್ಟಿಯಾಗಿ ಒತ್ತಿದರೆ ಸ್ವರ ಚೆನ್ನಾಗಿ ಬರುತ್ತದೆಯೇ?

ಹೊಸದಾಗಿ ಗಿಟಾರ್ ಹಿಡಿದ ಎಷ್ಟೋ ಮಂದಿ ಕೆಲವೇ ವಾರಗಳಲ್ಲಿ ಅದನ್ನು ಮೂಲೆಗೆ ಇಟ್ಟುಬಿಡುತ್ತಾರೆ. ಬೆರಳ ತುದಿ ಉರಿಯುತ್ತದೆ, ತಂತಿ ‘ಜುಯ್’ ಎನ್ನುತ್ತದೆ. ‘ಬೆರಳಲ್ಲಿ ಬಲ ಸಾಲದು, ಇನ್ನೂ ಒತ್ತು’ ಎಂಬ ಸಲಹೆ ಬೇರೆ. ಆದರೆ ಬಹಳಷ್ಟು ಸಲ ತಪ್ಪಿರುವುದು ಬಲದಲ್ಲಲ್ಲ, ಒತ್ತುವ ಜಾಗದಲ್ಲಿ.

ಗಿಟಾರಿನ ತಂತಿ ತಲೆಯ ಬಳಿಯಿರುವ ನಟ್ ಮತ್ತು ಕೆಳಗಿನ ಬ್ರಿಡ್ಜ್ ನಡುವೆ ಕಂಪಿಸುತ್ತದೆ. ಕಂಪಿಸುವ ಉದ್ದ ಕಡಿಮೆಯಾದಷ್ಟೂ ಸ್ವರ ಏರುತ್ತದೆ. ನೀವು ಒತ್ತಿದಾಗ ತಂತಿ ಫ್ರೆಟ್ ಎಂಬ ಲೋಹದ ಪಟ್ಟಿಯ ಮೇಲೆ ಕೂರುತ್ತದೆ, ಅಲ್ಲಿಂದ ಬ್ರಿಡ್ಜ್‌ವರೆಗಿನ ಭಾಗ ಮಾತ್ರ ನುಡಿಯುತ್ತದೆ. ಅಂದರೆ ಸ್ವರವನ್ನು ಅಳೆದುಕೊಡುವುದು ಬೆರಳಲ್ಲ, ಫ್ರೆಟ್. ವೀಣೆಯ ಮೆಟ್ಟಿಲುಗಳ ಕೆಲಸವೂ ಇದೇ.

ಆದ್ದರಿಂದ ಬೆರಳನ್ನು ಫ್ರೆಟ್‌ನ ಹಿಂದೆಯೇ, ಅಂದರೆ ನಟ್‌ನ ಕಡೆಗೆ, ಅದಕ್ಕೆ ತೀರಾ ಹತ್ತಿರದಲ್ಲಿ ಇಡಿ. ಅಲ್ಲಿ ಹಗುರವಾಗಿ ಒತ್ತಿದರೂ ಸಾಕು. ದೂರ ಹೋದರೆ ತಂತಿ ಫ್ರೆಟ್ ಮೇಲೆ ಸರಿಯಾಗಿ ಕೂರದೆ ಅದುರುತ್ತದೆ, ಫ್ರೆಟ್‌ನ ಮೇಲೆಯೇ ಇಟ್ಟರೆ ಸ್ವರ ಮಂಕಾಗುತ್ತದೆ. ಅತಿಯಾಗಿ ಒತ್ತಿದರೆ ತಂತಿಯ ಬಿಗಿ ಹೆಚ್ಚಿ ಶ್ರುತಿ ತುಸು ಮೇಲೇರುತ್ತದೆ. ವೈಣಿಕರು ತಂತಿಯನ್ನು ಎಳೆದು ಗಮಕ ನುಡಿಸುವುದು ಈ ಗುಣವನ್ನೇ ಬಳಸಿಕೊಂಡು. ಆದರೆ ಅವರು ಬೇಕೆಂದು ಮಾಡುತ್ತಾರೆ!

ಫ್ರೆಟ್‌ಗಳು ಕೆಳಗಿಳಿದಂತೆ ಒತ್ತೊತ್ತಾಗಿ ಇರುವುದೇಕೆ? ಪ್ರತಿ ಫ್ರೆಟ್‌ಗೂ ತಂತಿಯ ಉದ್ದ ಒಂದೇ ಪ್ರಮಾಣದಲ್ಲಿ, ಸುಮಾರು ಶೇ. 5.6ರಷ್ಟು ಕುಗ್ಗಬೇಕು. ಉಳಿದ ಉದ್ದವೇ ಕಡಿಮೆಯಾದಾಗ ಅದರ ಪಾಲೂ ಕಿರಿದಾಗುತ್ತದೆ. 648 ಮಿ.ಮೀ. ತಂತಿಯ ಗಿಟಾರಿನಲ್ಲಿ ಮೊದಲ ಅಂತರ ಸುಮಾರು 36 ಮಿ.ಮೀ., ಹನ್ನೆರಡನೆಯದು 19. ಹನ್ನೆರಡನೇ ಫ್ರೆಟ್ ಇರುವುದು ತಂತಿಯ ನಟ್ಟನಡುವೆ. ಅಲ್ಲಿ ಒತ್ತಿ ಮೀಟಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ.

ಆರೂ ತಂತಿಗಳ ಉದ್ದ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬರುವುದು ಮುಖ್ಯವಾಗಿ ತೂಕದಿಂದ: ಸಾಮಾನ್ಯ ಶ್ರುತಿಯಲ್ಲಿ ಅತಿ ದಪ್ಪದ್ದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಅತಿ ತೆಳುವಾದದ್ದು 330 ಸಲ.

ಸರಿಯಾದ ಜಾಗದಲ್ಲಿ ಒತ್ತಿದರೂ ಕೈ ಸೋಲುತ್ತಿದೆಯೇ? ಹನ್ನೆರಡನೇ ಫ್ರೆಟ್ ಬಳಿ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ನಾಲ್ಕೈದು ಮಿ.ಮೀ. ದಾಟಿದ್ದರೆ ದೋಷ ನಿಮ್ಮ ಬೆರಳಿನದಲ್ಲ. ರಿಪೇರಿ ಮಾಡುವವರ ಬಳಿ ತಂತಿಯ ಎತ್ತರ ಇಳಿಸಿಕೊಡಲು ಹೇಳಿ.